ಐವರ ಬಹುಮತವೋ, ಹಿರಿಯರೊಬ್ಬರ ಅಂದಾಜೋ?

ಪ್ರಶ್ನೆ: ನಾವು ಐದು ಮಂದಿ ಬೆಳೆಗಾರರು ಕೂಡಿ ಆಲೆಮನೆ ನಡೆಸುತ್ತಿದ್ದೇವೆ. ಯಾವ ಗದ್ದೆಯ ಕಬ್ಬು ಕಟಾವಿಗೆ ಬಂದಿದೆ ಎಂಬುದನ್ನು ಕೈ ಎತ್ತಿಸಿ ಬಹುಮತದಿಂದ ತೀರ್ಮಾನಿಸುತ್ತೇವೆ. ನಮ್ಮಲ್ಲಿ ಹಿರಿಯರೊಬ್ಬರ ಅಂದಾಜು ತಪ್ಪುವುದು ಕಡಿಮೆ. ಅವರ ಮಾತನ್ನೇ ಕೇಳುವುದು ಮೇಲಲ್ಲವೇ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಇಂಥ ಪ್ರಶ್ನೆಯನ್ನು ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲಿಯೇ ಲೆಕ್ಕಕ್ಕೆ ಇಳಿಸಿದ್ದರು. ಎರಡು ಉತ್ತರಗಳಲ್ಲಿ ಒಂದು ನಿಜವಾಗಿಯೂ ಸರಿಯಾಗಿರುವ ವಿಷಯದಲ್ಲಿ, ಪ್ರತಿಯೊಬ್ಬರೂ ಸರಿ ಹೇಳುವ ಸಂಭವ ಅರ್ಧಕ್ಕಿಂತ ಹೆಚ್ಚಿದ್ದು, ಒಬ್ಬರನ್ನು ನೋಡಿ ಇನ್ನೊಬ್ಬರು ಹೇಳದಿದ್ದರೆ, ಮಂದಿ ಹೆಚ್ಚಿದಷ್ಟೂ ಬಹುಮತ ತಪ್ಪುವುದು ಕಡಿಮೆಯಾಗುತ್ತದೆ. ನೂರರಲ್ಲಿ 60 ಸಲ ಸರಿ ಹೇಳುವ ಐವರ ಬಹುಮತ ಸುಮಾರು 68 ಸಲ ಸರಿಯಾಗುತ್ತದೆ. ಅಂಥ ಹನ್ನೊಂದು ಮಂದಿಯದು 75 ಸಲ. ಆದರೆ ತಲಾ 40 ಸಲ ಮಾತ್ರ ಸರಿ ಹೇಳುವ ಐವರನ್ನು ಕೂಡಿಸಿದರೆ ಬಹುಮತ 32ಕ್ಕೆ ಕುಸಿಯುತ್ತದೆ, ಅಂದರೆ ತಿಳಿಯದವರ ಗುಂಪು ತಿಳಿಯದ ಒಬ್ಬರಿಗಿಂತಲೂ ಕಡೆ.

ಈಗ ನಿಮ್ಮ ಹಿರಿಯರ ವಿಚಾರ. ಅವರು 80 ಸಲ, ಉಳಿದ ನಾಲ್ವರು ತಲಾ 60 ಸಲ ಸರಿ ಹೇಳುತ್ತಾರೆಂದು ಇಟ್ಟುಕೊಳ್ಳೋಣ. ಐವರಿಗೂ ಸಮನಾದ ಒಂದೊಂದು ಮತ ಕೊಟ್ಟರೆ ಬಹುಮತ ಸರಿಯಾಗುವುದು 75 ಸಲ. ಹಿರಿಯರೊಬ್ಬರೇ ನಿರ್ಧರಿಸಿದ್ದರೆ 80 ಸಲ! ಹಾಗಾಗಿ ನಿಮ್ಮ ಅನುಮಾನಕ್ಕೆ ಆಧಾರವಿದೆ. ಆದರೂ ಉಳಿದವರ ಮಾತು ವ್ಯರ್ಥವಲ್ಲ. ಸಾಮಾನ್ಯವಾಗಿ ಹಿರಿಯರ ಮಾತಿನಂತೆ ನಡೆದು, ನಾಲ್ವರೂ ಒಂದಾಗಿ ಅವರಿಗೆ ವಿರುದ್ಧ ಹೇಳಿದಾಗ ಮಾತ್ರ ಅದನ್ನು ಬದಿಗಿಡುವ ಕ್ರಮ ಮಾಡಿಕೊಂಡರೆ, ಫಲ 80ಕ್ಕಿಂತ ಕೂದಲೆಳೆಯಷ್ಟು ಮೇಲೇರುತ್ತದೆ.

ನನಗೆ ಇದಕ್ಕಿಂತ ಹೆಚ್ಚಿನ ಚಿಂತೆ ನೀವು ಕೈ ಎತ್ತಿಸುವ ರೀತಿಯದು. ಹಿರಿಯರು ಮೊದಲು ಬಾಯಿ ತೆರೆದ ಮೇಲೆ ಅವರ ಮುಖ ನೋಡಿ ಮಿಕ್ಕವರು ಕೈ ಎತ್ತುತ್ತಿದ್ದರೆ, ಅಲ್ಲಿರುವುದು ಐದು ಕೈಯಾದರೂ ಅಭಿಪ್ರಾಯ ಒಂದೇ. ನಾಲ್ವರೂ ಒಂದಾಗಿ ವಿರೋಧಿಸುವ ಆ ಅಪರೂಪದ, ಬೆಲೆಯುಳ್ಳ ಸಂದರ್ಭ ಎಂದಿಗೂ ಬರುವುದಿಲ್ಲ. ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದಿಡಲಿ, ಆಮೇಲೆ ಚರ್ಚೆಯಾಗಲಿ, ಹಿರಿಯರು ಕೊನೆಗೆ ಮಾತನಾಡಲಿ. (ಕಬ್ಬಿನ ರಸದ ಬ್ರಿಕ್ಸ್, ಅಂದರೆ ಸಕ್ಕರೆಯ ಅಂಶವನ್ನು ಸೂಚಿಸುವ ಅಂಕಿಯನ್ನು, ಅಳೆಯುವ ಕೈಉಪಕರಣ ನಿಮ್ಮಲ್ಲಿದ್ದರೆ ಮತದಾನದ ಅಗತ್ಯವೇ ಬೀಳಲಿಕ್ಕಿಲ್ಲ.) ಲಾಭವನ್ನು ಹೇಗೆ ಹಂಚಬೇಕು ಎಂಬಂಥ ಪ್ರಶ್ನೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಬೇಕಾದದ್ದು ಎಲ್ಲರ ಒಪ್ಪಿಗೆ.

ಪ್ರಶ್ನೆ: ಗದ್ದೆಯಲ್ಲಿ ಎಷ್ಟು ಟನ್ ಬಂದೀತು ಎಂದು ಅಂದಾಜಿಸುವಾಗಲೂ ಇದೇ ಕ್ರಮವೇ?
– ಅದೇ ಓದುಗರು

ಉತ್ತರ: ಅಲ್ಲಿ ಬಹುಮತದ ಬದಲು ನಡುವಿನ ಅಂಕಿಯನ್ನು ಹಿಡಿಯಬೇಕು. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಜಾನುವಾರು ಪ್ರದರ್ಶನವೊಂದರಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸಿ ಜನರು ಬರೆದಿದ್ದ 787 ಚೀಟಿಗಳನ್ನು ಜೋಡಿಸಿ ನೋಡಿದ್ದರು. ನಡುವಿನ ಚೀಟಿಯಲ್ಲಿ 1207 ಪೌಂಡ್ ಎಂದಿತ್ತು. ನಿಜವಾದ ತೂಕ 1198. ನೀವು ಐದು ಚೀಟಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ಮೂರನೆಯದನ್ನು ತೆಗೆದುಕೊಳ್ಳಿ. ಆದರೆ ಐವರೂ ಬದುವಿನ ಮೇಲೆ ನಿಂತು, ಬಿಸಿಲು ಚೆನ್ನಾಗಿ ಬಿದ್ದು ದಪ್ಪಗೆ ಬೆಳೆದ ಅಂಚಿನ ಸಾಲುಗಳನ್ನಷ್ಟೇ ನೋಡಿ ಬರೆದಿದ್ದರೆ ಐದು ಚೀಟಿಗಳೂ ಒಂದೇ ದಿಕ್ಕಿಗೆ ತಪ್ಪುತ್ತವೆ. ಆದ್ದರಿಂದ ಒಬ್ಬೊಬ್ಬರೂ ಗದ್ದೆಯ ಬೇರೆ ಬೇರೆ ಭಾಗದೊಳಗೆ ಹೊಕ್ಕು ನೋಡಿದ ಬಳಿಕವೇ ಬರೆಯುವುದು ಒಳ್ಳೆಯದು.