ಹುಳು ಸಕ್ಕರೆ ಚೆಲ್ಲುವುದೇಕೆ? ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಆತ್ಮೀಯರೇ, ನಮಸ್ಕಾರ.

ಗಿಡದ ರಸ ಹೀರುವ ಸಸ್ಯಹೇನು ಎಂಬ ಪುಟ್ಟ ಹುಳು ಮತ್ತು ಇರುವೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಬದಿಗಿಟ್ಟು ಸುಮ್ಮನಾಗುವ ಬರಹವೂ ಅಲ್ಲ. ಕೊನೆಯ ಪುಟದಲ್ಲಿ ನಿಮ್ಮ ತೆಂಗಿನ ತೋಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಲ್ಲ, ಅವು ನನ್ನನ್ನು ಹಿಡಿದು ನಿಲ್ಲಿಸಿದವು. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ಹೇನಿನ ಬೆನ್ನಿನ ಹಿಂಭಾಗದಲ್ಲಿರುವ ಎರಡು ಪುಟ್ಟ ಕೊಳವೆಗಳಿಂದ, ಇರುವೆಗಳು ಹೀರುವ ಸಿಹಿ ಹನಿ ಬರುತ್ತದೆ ಎಂದಿದ್ದೀರಿ. ಇಲ್ಲ. ಆ ಕೊಳವೆಗಳಿಂದ ಬರುವುದು ಮೇಣದಂಥ ಅಂಟು ಮತ್ತು ಅಪಾಯ ಸಾರುವ ವಾಸನೆ. ಶತ್ರು ಒಂದು ಹೇನನ್ನು ಹಿಡಿದರೆ ಆ ವಾಸನೆಗೆ ಅಕ್ಕಪಕ್ಕದವು ಜಾಗ ಬಿಡುತ್ತವೆ. ಸಿಹಿ ಹನಿ ಬರುವುದು ಗುದದ್ವಾರದಿಂದ. ಅದು ಹುಳುವಿನ ವಿಸರ್ಜನೆ. ಸಂಕೋಚವಿಲ್ಲದೆ ಹಾಗೆಯೇ ಬರೆಯಿರಿ. ಇರುವೆಗೆ ಕೊಡಲೆಂದೇ ಹೇನು ಅದನ್ನು ತಯಾರಿಸುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಇರುವೆಯೇ ಇಲ್ಲದ ಗಿಡದಲ್ಲೂ ಹೇನು ಅದನ್ನು ಹೊರಹಾಕಲೇಬೇಕು.

ಯಾಕೆ ಹಾಕಲೇಬೇಕು? ನಿಮ್ಮ ಲೇಖನ ಈ ಪ್ರಶ್ನೆಯ ಹತ್ತಿರವೂ ಸುಳಿದಿಲ್ಲ. ಎಲ್ಲ ಜೀವಿಗಳೂ ಸಕ್ಕರೆಗೆ ಹಾತೊರೆಯುವಾಗ ಒಂದು ಹುಳು ಅದನ್ನು ಹನಿಹನಿಯಾಗಿ ಚೆಲ್ಲುತ್ತದೆ ಎಂದರೆ, ಓದುಗರಿಗೆ ಬೇಕಾದದ್ದು ಅದರ ಕಾರಣ.

ಹೇನು, ಹಿಟ್ಟು ತಿಗಣೆ, ಬಿಳಿ ನೊಣ ಇವೆಲ್ಲ ಹೀರುವುದು ಎಲೆಯಲ್ಲಿ ತಯಾರಾದ ಆಹಾರವನ್ನು ಸಾಗಿಸುವ ಫ್ಲೋಯಂ ನಾಳದ ರಸವನ್ನು. ಅದರಲ್ಲಿ ಸುಕ್ರೋಸ್ ಎಂಬ ಸಕ್ಕರೆ ಧಾರಾಳ, ಮೈ ಕಟ್ಟಲು ಬೇಕಾದ ಸಾರಜನಕ ತೀರಾ ಕಡಿಮೆ. ಮೈ ಬೆಳೆಯಬೇಕು, ಮರಿಗಳಾಗಬೇಕು ಎಂದರೆ ಹೀರುತ್ತಲೇ ಇರಬೇಕು. ಮಿಕ್ಕ ಸಕ್ಕರೆ, ನೀರು ಹೊರಗೆ ಹೋಗಬೇಕು. ಅಷ್ಟು ಹೀರಿದರೂ ಪ್ರೋಟೀನ್ ಕಟ್ಟಲು ಬೇಕಾದ ಅಗತ್ಯ ಅಮೈನೋ ಆಮ್ಲಗಳು ಸಾಲುವುದಿಲ್ಲ. ಅವನ್ನು ಹೇನಿಗೆ ಒದಗಿಸುವುದು ಅದರ ಜೀವಕೋಶಗಳೊಳಗೇ ನೆಲೆಸಿರುವ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ತಾಯಿಯಿಂದ ಮರಿಗೆ ಅದು ದಾಟಿ ಬರುತ್ತದೆ.

ಇನ್ನೊಂದು ಸಂಕಟವಿದೆ, ನನಗೆ ಇದೇ ಅತ್ಯಂತ ಚೆಲುವಾದ ಭಾಗ. ಆ ರಸದಲ್ಲಿ ಸಕ್ಕರೆ ಎಷ್ಟು ಗಾಢವೆಂದರೆ ಅದು ಕರುಳಿಗಿಳಿದಾಗ ಹುಳುವಿನ ಮೈಯ ನೀರನ್ನೇ ಎಳೆದುಕೊಳ್ಳಬೇಕು. ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಟ್ಟು ಸುಕ್ಕಾಗುವಂತೆ ಹುಳು ಸೊರಗಿ ಸಾಯಬೇಕಿತ್ತು. ಸಾಯುವುದಿಲ್ಲ. ಕರುಳಿನ ಕಿಣ್ವವೊಂದು ಸುಕ್ರೋಸನ್ನು ಒಡೆದು, ಗ್ಲೂಕೋಸ್ ಅಣುಗಳನ್ನು ಒಂದಕ್ಕೊಂದು ಪೋಣಿಸಿ ಉದ್ದನೆಯ ಸಕ್ಕರೆಗಳನ್ನಾಗಿ ಮಾಡುತ್ತದೆ. ಅಣುಗಳ ಸಂಖ್ಯೆ ಇಳಿದಂತೆ ನೀರೆಳೆಯುವ ಬಲವೂ ಇಳಿಯುತ್ತದೆ. ಹಾಗಾಗಿ ‘ಗಿಡದ ರಸವೇ ಸೋರಿ ಹೊರಬರುತ್ತದೆ’ ಎಂಬ ನಿಮ್ಮ ವಾಕ್ಯವನ್ನು ತೆಗೆಯಿರಿ. ಹೊರಬಂದ ಹನಿಯಲ್ಲಿ ಗಿಡದ ರಸದಲ್ಲಿಲ್ಲದ ಸಕ್ಕರೆಗಳಿರುತ್ತವೆ. ಅನೇಕ ಜಾತಿಯ ಇರುವೆಗಳನ್ನು ಬಲವಾಗಿ ಸೆಳೆಯುವ ಮೆಲೆಜಿಟೋಸ್ ಎಂಬ ಸಕ್ಕರೆ ಹುಳುವಿನೊಳಗೇ ತಯಾರಾದದ್ದು. ಹತ್ತಿಯ ಬಿಳಿ ನೊಣದ ಹನಿಯಲ್ಲಿ ಟ್ರೆಹಾಲುಲೋಸ್ ಎಂಬ ಇನ್ನೊಂದು ಸಕ್ಕರೆ ಹೆಚ್ಚು. ಅರಳೆ ಅಂಟಂಟಾಗಿ ನೂಲುವ ಯಂತ್ರಕ್ಕೆ ತೊಡಕಾಗುವುದು ಅದರಿಂದ. ನಿಮ್ಮ ಶೇಕಡಾವಾರು ಕೋಷ್ಟಕವೂ ಬೇಡ. ಹುಳು ಬದಲಾದರೆ, ಗಿಡ ಬದಲಾದರೆ ಹನಿಯ ಸಂಯೋಜನೆಯೂ ಬದಲಾಗುತ್ತದೆ. ಯಾವ ಹುಳು, ಯಾವ ಗಿಡ ಎಂದು ಹೇಳದ ಅಂಕಿಗಳಿಂದ ಪ್ರಯೋಜನವಿಲ್ಲ.

ಸಿಹಿ ಹನಿಯ ಆಸೆಗೆ ಇರುವೆ ಹೇನನ್ನು ಕಾಯುವ ಕಥೆ ಓದುಗರಿಗೆ ಗೊತ್ತಿರುವಂಥದ್ದು, ಮೊಟಕು ಮಾಡಿ. ಅದೇ ಸಿಹಿ ಅಂಟಿನ ಜಾಡು ಹಿಡಿದು ಗುಲಗಂಜಿ ಹುಳುಗಳೂ ಪರೋಪಜೀವಿ ಕಣಜಗಳೂ ಹೇನನ್ನು ಹುಡುಕಿಕೊಂಡು ಬರುತ್ತವೆ ಎಂಬುದನ್ನು ಸೇರಿಸಿ. ಗ್ರೀಸಿನ ಪೈನ್ ಕಾಡುಗಳಲ್ಲಿ ಜೇನುನೊಣಗಳು ಇಂಥ ಅಂಟನ್ನು ಹೀರಿ ಜೇನು ಮಾಡುವುದಕ್ಕೆ ಒಂದು ಪ್ಯಾರಾ ಸಾಕು.

ಈಗ ನಿಮ್ಮ ತೋಟಕ್ಕೆ ಬರೋಣ. ‘ಮೇಲಿನ ಗರಿಗಳು ಹಸಿರಾಗಿವೆ, ಕೆಳಗಿನವಕ್ಕೆ ಮಸಿ ಬಳಿದಂತಿದೆ, ಅಡಿಯಲ್ಲಿರುವ ಬಾಳೆ ಎಲೆಯೂ ಕಪ್ಪು, ಬೆರಳಲ್ಲಿ ಉಜ್ಜಿದರೆ ಹಸಿರು ಕಾಣುತ್ತದೆ’ ಎಂದು ಬರೆದಿದ್ದೀರಿ. ಇದನ್ನು ನೋಡಿದವರೇ ಬರೆಯಬಲ್ಲರು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದ ರುಗೋಸ್ ಸುರುಳಿ ಬಿಳಿ ನೊಣದ ಲಕ್ಷಣ ಇದು. ನೊಣ ಕೂರುವುದು ಗರಿಯ ಅಡಿಭಾಗದಲ್ಲಿ. ಹನಿ ಬೀಳುವುದು ಅದರ ಕೆಳಗಿನ ಗರಿಯ ಮೇಲೆ. ಆ ಸಕ್ಕರೆಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯೊಳಗೆ ಇಳಿಯದಿದ್ದರೂ ಬೆಳಕಿಗೆ ಅಡ್ಡವಾಗುತ್ತದೆ.

ಇದರ ಬೆನ್ನಿಗೇ ‘ಕೂಡಲೇ ಕೀಟನಾಶಕ ಹೊಡೆಯಬೇಕು’ ಎಂದಿದ್ದೀರಿ. ಈ ಸಾಲನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕಲಾರೆ. ಆ ಬಿಳಿ ನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಕಣಜವಿದೆ. ಬೂಷ್ಟನ್ನೇ ಮೇಯುವ ಪುಟ್ಟ ದುಂಬಿಯೊಂದನ್ನೂ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದಾರೆ. ವಿಷ ಹೊಡೆದರೆ ಇವು ಮೊದಲು ಸಾಯುತ್ತವೆ. ಬೂಷ್ಟು ಸಿಪ್ಪೆಯಂತೆ ಏಳಲು ಶೇ. 1ರ ಗಂಜಿ ದ್ರಾವಣ ಸಿಂಪಡಿಸಿ ಎಂಬುದು ಅದೇ ಸಂಸ್ಥೆಯ ಸಲಹೆ. ಗಿಡದೊಳಗೆ ಹರಡುವ ಕೀಟನಾಶಕದ್ದು ಇನ್ನೊಂದು ಅಪಾಯ. ಸ್ಪೇನಿನಲ್ಲಿ ನಿಂಬೆ ಜಾತಿಯ ಗಿಡಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಥಯಾಮೆಥಾಕ್ಸಾಮ್ ಎಂಬ ಇಂಥ ಕೀಟನಾಶಕ ಹಾಕಿದ ಗಿಡದ ಹಿಟ್ಟು ತಿಗಣೆಯ ಅಂಟನ್ನು ಕುಡಿದ ಉಪಕಾರಿ ಕಣಜಗಳೂ ಹೂನೊಣಗಳೂ ಸತ್ತವು. ವಿಷ ಗಿಡದಿಂದ ಹುಳುವಿಗೆ, ಹುಳುವಿನಿಂದ ಅದರ ಹನಿಗೆ ದಾಟಿತ್ತು.

ಲೇಖನವನ್ನು ಆ ಕಪ್ಪಾದ ಗರಿಯಿಂದಲೇ ಶುರು ಮಾಡಿ, ಅಲ್ಲಿಂದ ಹುಳುವಿನ ಕರುಳಿಗೆ ಹೋಗಿ. ಸಾವಿರ ಪದ ಮೀರದಿರಲಿ. ಜೋರು ಮಳೆ ಬಿದ್ದರೆ ಅಂಟು, ಬೂಷ್ಟು ಎರಡೂ ತೊಳೆದುಹೋಗುತ್ತವೆ, ಅಷ್ಟರೊಳಗೆ ಗರಿಯ ಅಡಿಭಾಗದ ಫೋಟೊಗಳನ್ನು ಹತ್ತಿರದಿಂದ ತೆಗೆದಿಡಿ. ಬಿಳಿ ನೊಣದ ಮರಿಗಳ ಬೆನ್ನ ಮೇಲೆ ಗುಂಡನೆಯ ತೂತು ಇದೆಯೇ ನೋಡಿ. ಕಣಜ ಹೊರಬಂದ ಗುರುತು ಅದು. ಅಂಥ ಒಂದು ಚಿತ್ರ ಸಿಕ್ಕರೂ ಲೇಖನದ ಜೊತೆ ದೊಡ್ಡದಾಗಿ ಹಾಕೋಣ.

ವಿಶ್ವಾಸದಿಂದ,
ಸಂಪಾದಕ