ಅಪ್ಪನೇ ಗೌಂಡಿ, ಆದರೂ ನಾನು ಗೌಂಡಿ ಆಗೋದು ಬೇಡ ಅಂತಾರೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಹೊಟ್ಟೆಯಲ್ಲಿ ಚುರುಕ್ ಅಂತು. ಹುಬ್ಬಳ್ಳಿಯವರು, ಪಿಯುಸಿ ಮುಗಿದಿದೆ, ಡಿಗ್ರಿ ಬೇಡ ಅನಿಸಿದೆ, ಗೌಂಡಿ (ಗಾರೆ) ಮತ್ತು ಟೈಲ್ಸ್ ಕೆಲಸ ಕಲಿಯೋ ಆಸೆ. 30 ವರ್ಷ ಅದೇ ಕೆಲಸ ಮಾಡಿದ ಅಪ್ಪನೇ ಬೇಡ ಅಂತಿದ್ದಾರೆ. "ಇದು ಬರೀ ಜನ ಏನಂತಾರೋ ಅನ್ನೋ ಭಯವಾ?" ಅಂತ ಕೇಳಿದ್ದೀರಿ.

ನಾನು ಗದಗಿನವನು. 2009ರಲ್ಲಿ ಬಿಎ ಮೊದಲ ವರ್ಷಕ್ಕೇ ಕಾಲೇಜು ಬಿಟ್ಟು ಹೆಲ್ಪರ್ ಆಗಿ ಸೇರಿದೆ. ಈಗ ಹುಬ್ಬಳ್ಳಿ, ಧಾರವಾಡ, ಗದಗ ಮೂರೂ ಕಡೆ ಗೌಂಡಿ ಕೆಲಸ, ಟೈಲ್ಸ್ ಎರಡೂ ಮಾಡುತ್ತೇನೆ.

ಜನರ ಮಾತು ಇದ್ದೇ ಇದೆ, ಸುಳ್ಳು ಹೇಳೋದಿಲ್ಲ. ನನಗೆ ಹೆಣ್ಣು ನೋಡುವಾಗ ಅವ್ವ "ಬಿಲ್ಡಿಂಗ್ ಲೈನ್‌ನಾಗ ಅದಾನ್ರಿ" ಅಂದಳು. "ಇಂಜಿನಿಯರ್ ಏನ್ರಿ?" ಅಂತ ಅವರು ಕೇಳಿದರು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಚಹಾ ತರಲು ಎದ್ದು ಹೋದಳು. ಹುಡುಗಿಯ ಸೋದರಮಾವ ಮಾತ್ರ ಸುಮ್ನೆ ನನ್ನ ಕೈ ನೋಡುತ್ತಿದ್ದ. ಹಿಂದಿನ ರಾತ್ರಿ ಕಲ್ಲಿಗೆ ತಿಕ್ಕಿ ತಿಕ್ಕಿ ತೊಳೆದಿದ್ದೆ. ಆದರೂ ಉಗುರಿನ ಸಂದಿಯ ಸಿಮೆಂಟು ಪೂರ್ತಿ ಹೋಗಿರಲಿಲ್ಲ. ಆ ಸಂಬಂಧ ಆಗಲಿಲ್ಲ. ನನಗೆ ಬೇಜಾರಾಗಿದ್ದು ಅವರ ಮೇಲಲ್ಲ, ಚಹಾದ ನೆಪ ಹುಡುಕಿದ ಅವ್ವನ ಮೇಲೆ.

ಆದರೆ ನಿಮ್ಮ ಅಪ್ಪನ ವಿಷಯ ಬೇರೆ ಅನಿಸುತ್ತೆ. ಅವರು ಹೆದರೋದು ಕೆಲಸಕ್ಕಲ್ಲ, ನಾಕಾಕ್ಕೆ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲೋ ಸರ್ಕಲ್‌ಗೆ. ಬೆಳಿಗ್ಗೆ ಬುತ್ತಿ ಹಿಡಿದು ನಿಂತಿರಬೇಕು. ಗಾಡಿ ಬಂದು ನಿಂತರೆ ಎಲ್ಲರೂ ಓಡಬೇಕು. ಗಾಡಿಯಲ್ಲಿ ಬಂದ ಗುತ್ತಿಗೆದಾರ ಕುದುರೆ ಹಲ್ಲು ನೋಡಿದ ಹಾಗೆ ನೋಡಿ ಇಬ್ಬರನ್ನು ಆರಿಸುತ್ತಾನೆ. ಹತ್ತು ಗಂಟೆ ದಾಟಿದರೆ ಆ ದಿನ ಹೋಯಿತು. ಬುತ್ತಿ ಬಿಚ್ಚದೆ ಹಾಗೇ ಮನೆಗೆ ತರಬೇಕು. ಅದೇ ರೊಟ್ಟಿಯನ್ನು ಮಧ್ಯಾಹ್ನ ಹೆಂಡತಿ ಮಕ್ಕಳ ಎದುರು ಕೂತು ತಿನ್ನಬೇಕಲ್ಲ, ಅದು ಭಾಳ ಕಷ್ಟ. ನಾನು ಎರಡು ಮಳೆಗಾಲ ತಿಂದಿದ್ದೇನೆ. ನಿಮ್ಮಪ್ಪ ಎಷ್ಟು ಸಲ ತಿಂದಿದ್ದಾರೋ, ಒಮ್ಮೆ ಕೇಳಿ ನೋಡಿ.

ಮೈ ಸವೆಯೋದೂ ನಿಜ. ಹಸಿ ಸಿಮೆಂಟು ಚರ್ಮ ತಿನ್ನುತ್ತೆ. ರೇಷನ್ ಅಂಗಡಿಯಲ್ಲಿ ನನ್ನ ಹೆಬ್ಬೆಟ್ಟು ಮಷಿನ್ ಹಿಡಿಯೋದಿಲ್ಲ, ಗೆರೆಗಳೇ ಸವೆದಿವೆ. ಹಿಂದೆ ನಿಂತವರು ಗೊಣಗುತ್ತಾರೆ. ಮನೆಯಿಂದ ಹೆಂಡತಿ ಬರಬೇಕು. (ಹೌದು, ಮದುವೆ ಆಯಿತು. ಆ ಸಲ ಮೊದಲೇ ಗೌಂಡಿ ಅಂತ ಹೇಳಿಬಿಟ್ಟೆವು.)

ಹಾಗಾದರೆ ಯಾಕೆ ಬಿಡಲಿಲ್ಲ? ಒಂದು ಸೈಟಿನ ಮಾತು ಹೇಳುತ್ತೇನೆ. ಹುಬ್ಬಳ್ಳಿ ಹೊರಗೆ ಎರೆ ಭೂಮಿ. ಎರೆ ಮಣ್ಣು ಗೊತ್ತಲ್ವಾ? ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ಅದರ ಮೇಲೆ ಪಾಯ ಇಟ್ಟರೆ ಮನೆಯೂ ಅದರ ಜೊತೆ ಏಳುತ್ತೆ, ಕೂರುತ್ತೆ. ನಾಲ್ಕು ಫೂಟು ತೋಡಿದ್ದೆವು. ನನಗೆ ಕೆಲಸ ಕಲಿಸಿದ ಉಸ್ತಾದ್ ಗುಂಡಿಗೆ ಇಳಿದು ಒಂದು ಹೆಂಟೆ ತೆಗೆದು ಹಿಚುಕಿದರು. ಅಂಗೈಗೆ ಮೇಣದ ಹಾಗೆ ಮೆತ್ತಿಕೊಂಡಿತು. "ಇನ್ನ ಎರೀನ ಐತಿ. ಗರಸು ಸಿಗೂತನಕ ಇಳೀರಿ" ಅಂದರು. ಗರಸು ಅಂದರೆ ಕೆಳಗಿನ ಗಟ್ಟಿ ಕಲ್ಲುಮಿಶ್ರಿತ ಮಣ್ಣು. ಮಾಲೀಕ ಖರ್ಚು ಜಾಸ್ತಿ ಆಯಿತು ಅಂತ ರೇಗಾಡಿದ. ಇವರು ಬಾಯಿ ಬಿಡಲಿಲ್ಲ, ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡರು. ಕೊನೆಗೆ ಮಾಲೀಕನೇ ಹೂಂ ಅಂದ. ಇನ್ನೆರಡು ಫೂಟು ಇಳಿದ ಮೇಲೆ ಗರಸು ಸಿಕ್ಕಿತು. ಮುಂದಿನ ಬೇಸಿಗೆಗೆ ಪಕ್ಕದ ಮನೆ ಗೋಡೆ ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಸೀಳಿತು. ನಮ್ಮದು ಅಲ್ಲಾಡಲಿಲ್ಲ. ಉಸ್ತಾದ್ ಓದಿದ್ದು ನಾಲ್ಕನೇ ಇಯತ್ತೆ.

ಪೈಥಾಗೊರಸ್ ನಾನು ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ. ಸೈಟಿನಲ್ಲಿ ಅವರು ದಾರ ಕಟ್ಟಿ "ಈ ಕಡೆ 3, ಆ ಕಡೆ 4, ನಡುವ 5 ಬಂದ್ರ ಮೂಲಿ ಮಟ್ಟ ಐತಿ" ಅಂದರು. ಅದೇ ಇದು ಅಂತ ನನಗೆ ಹೊಳೆಯೋಕೆ ಒಂದು ವಾರ ಬೇಕಾಯಿತು.

ಹೋಗೋದೇ ಆದರೆ, ಅಪ್ಪನ ಕೈಕೆಳಗೆ ಮಾತ್ರ ಬೇಡ. ಮಗನಿಗೆ ಎಲ್ಲರ ಎದುರು ಬೈಯೋಕೆ ಅವರಿಗೆ ಮನಸ್ಸು ಬರೋದಿಲ್ಲ, ಬೈಸಿಕೊಳ್ಳದೆ ಈ ಕೆಲಸ ಬರೋದಿಲ್ಲ. ಅವರಿಗೆ ಗುರುತಿರುವ ಬೇರೆ ಉಸ್ತಾದ್ ಹತ್ತಿರ ಸೇರಿ. ಮೊದಲ ವರ್ಷ ಬರೀ ಸಿಮೆಂಟು ಮಾಲು ಕಲಸೋದು, ಹೊರೋದು, ಗೋಡೆಗೆ ನೀರು ಹೊಡೆಯೋದು. ಡ್ರಾಯಿಂಗ್ ಓದೋದು ಕಲಿಯಿರಿ, ನಮ್ಮಲ್ಲಿ ತುಂಬಾ ಜನ ಸೋಲೋದು ಅಲ್ಲೇ. ಕೈಯಲ್ಲಿ ಕೆಲಸ ಚೆನ್ನಾಗಿದ್ದು, ಲೆಕ್ಕ ಹೇಳೋಕೆ ಬಂದರೆ ನೀವು ನಾಕಾಕ್ಕೆ ಹೋಗೋದಿಲ್ಲ, ಫೋನು ನಿಮ್ಮ ಹತ್ತಿರ ಬರುತ್ತೆ. ನನಗೆ ಅಲ್ಲಿಗೆ ಮುಟ್ಟೋಕೆ ಆರು ವರ್ಷ ಹಿಡಿಯಿತು.

90 ದಿನ ಕೆಲಸ ಆದ ಕೂಡಲೇ ಲೇಬರ್ ಕಾರ್ಡ್ ಮಾಡಿಸಿ. 18ರಿಂದ 60 ವರ್ಷದೊಳಗಿನ ಕಟ್ಟಡ ಕಾರ್ಮಿಕರಿಗೆ ಸಿಗುತ್ತೆ, 1996ರ ಕಾಯ್ದೆಯಿಂದ ಶುರುವಾಗಿದ್ದು ಅದು. ಕಟ್ಟಡದ ಖರ್ಚಿನ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಕಲ್ಯಾಣ ಮಂಡಳಿಗೆ ಹೋಗುತ್ತೆ, ಅಪಘಾತ, ಪಿಂಚಣಿಗೆಲ್ಲ ಅದೇ ದುಡ್ಡು. ಗುತ್ತಿಗೆದಾರ ಕೊಟ್ಟ ಭಿಕ್ಷೆ ಅಲ್ಲ.

ಟೈಲ್ಸ್ ಒಣದಾಗಿ ಕತ್ತರಿಸಬೇಡಿ, ಆ ಧೂಳು ಶ್ವಾಸಕೋಶದಲ್ಲೇ ಕೂರುತ್ತೆ. ನೀರು ಬಿಟ್ಟುಕೊಳ್ಳಿ, ಮಾಸ್ಕ್ ಹಾಕಿ. ಮೊದಲ ಪಗಾರದಲ್ಲೇ ಮೊಣಕಾಲಿಗೆ ಪ್ಯಾಡ್ ತಗೊಳ್ಳಿ, ಹುಡುಗರು ನಗುತ್ತಾರೆ, ನಗಲಿ. ನಾನು ಆ ನಗುವಿಗೆ ನಾಚಿ ತಗೊಳ್ಳಲಿಲ್ಲ. ಈಗ ನಾನೇ ಕಟ್ಟಿದ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ.