ಅಂಚು ಕೊಯ್ಯದ ಮೇಜಿಗೆ ಬೆಲೆ ಎಷ್ಟು?

ಪ್ರಶ್ನೆ: ಕೆಲಗೇರಿ ಹತ್ತಿರದ ನಮ್ಮ ಹೊಲದ ಬದುವಿನಲ್ಲಿದ್ದ ಹಳೆಯ ನಾಟಿ ಮಾವಿನ ಮರ ನಾಲ್ಕು ವರ್ಷಗಳ ಹಿಂದೆ ಗಾಳಿಮಳೆಗೆ ಬಿತ್ತು. ಅದನ್ನು ಸಾಮಿಲ್‌ನಲ್ಲಿ ಎರಡು ಇಂಚು ದಪ್ಪದ ಹಲಗೆಗಳಾಗಿ ಸೀಳಿಸಿ ಅಟ್ಟದ ಮೇಲೆ ಇಟ್ಟಿದ್ದೆ. ನಿವೃತ್ತನಾದ ಮೇಲೆ ಅದರಲ್ಲೊಂದು ಹಲಗೆಯಿಂದ, ಮರದ ಮೂಲ ಅಂಚನ್ನು ಹಾಗೆಯೇ ಉಳಿಸಿ, ಈಗಿನವರು ಲೈವ್ ಎಡ್ಜ್ ಎನ್ನುವ ಬಗೆಯ ಬರೆಯುವ ಮೇಜೊಂದನ್ನು ನಾನೇ ಮಾಡಿದ್ದೇನೆ. ಉದ್ದ ಐದು ಅಡಿ, ಅಗಲ ಸುಮಾರು ಎರಡೂವರೆ ಅಡಿ. ಸೀಳಿಸಲು ಮತ್ತು ಸಾಗಿಸಲು ₹3,200, ಕಬ್ಬಿಣದ ಕಾಲುಗಳಿಗೆ ₹4,500, ಪಾಲಿಶ್ ಪೇಪರ್ ಮತ್ತು ಎಣ್ಣೆಗೆ ₹1,800 ಖರ್ಚಾಗಿದೆ. ಹನ್ನೊಂದು ದಿನ ಕೆಲಸ ಮಾಡಿದ್ದೇನೆ. ಪರಿಚಯದವರೊಬ್ಬರು ₹12,000ಕ್ಕೆ ಕೇಳಿ, 'ಶೋರೂಮಿನಲ್ಲಿ ಇದಕ್ಕಿಂತ ಕಡಿಮೆಗೆ ಡ್ರಾವರ್ ಇರುವ ಟೇಬಲ್ ಸಿಗುತ್ತದೆ' ಎಂದರು. ಹಲಗೆಯ ಒಂದು ತುದಿಯಲ್ಲಿ ಗೇಣುದ್ದದ ಬಿರುಕಿದೆ. ಮರದ ಪುಡಿ ಮತ್ತು ಅಂಟು ತುಂಬಿ ಬಣ್ಣ ಹೊಂದಿಸಿದರೆ ಯಾರಿಗೂ ತಿಳಿಯದು. ಹಾಗೆ ಮಾಡಬಹುದೇ? ಬೆಲೆ ಎಷ್ಟು ಹೇಳಲಿ, ಎಲ್ಲಿ ಮಾರಲಿ?
– ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ಬಿರುಕಿನ ಮಾತನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಬೆಲೆಯೂ ಗಿರಾಕಿಯೂ ಅದಕ್ಕೇ ತಗುಲಿಕೊಂಡಿದ್ದಾರೆ. ದಯವಿಟ್ಟು ಅದನ್ನು ಮುಚ್ಚಬೇಡಿ. ಪುಡಿ ಮತ್ತು ಅಂಟಿನ ಮಿಶ್ರಣ ಇವತ್ತು ಬಣ್ಣಕ್ಕೆ ಹೊಂದಿದಂತೆ ಕಂಡರೂ ಮರದಂತೆ ಎಣ್ಣೆ ಕುಡಿಯುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಸುತ್ತಲಿನ ಮರದ ಬಣ್ಣ ಮಾಗುತ್ತದೆ, ತುಂಬಿದ ಗೆರೆ ಮಾತ್ರ ತೇಪೆಯಂತೆ ಎದ್ದು ಕಾಣುತ್ತದೆ. ಅಲ್ಲದೆ, ಬಿರುಕು ಮುಂದೆ ಓಡುವುದನ್ನು ಅದು ತಡೆಯುವುದೂ ಇಲ್ಲ. ತಡೆಯಬೇಕೆಂದರೆ ಬಿರುಕಿಗೆ ಅಡ್ಡಲಾಗಿ ಡಮರುಗದ ಆಕಾರದ ಗಟ್ಟಿ ಮರದ ತುಂಡುಗಳನ್ನು ಕೂಡಿಸಬೇಕು. ಡಮರುಗದ ಸಣ್ಣ ನಡು ಸರಿಯಾಗಿ ಬಿರುಕಿನ ಮೇಲೆ ಬರಬೇಕು, ತುಂಡಿನ ನಾರು ಬಿರುಕನ್ನು ಅಡ್ಡ ಹಾಯ್ದಿರಬೇಕು, ಆಳ ಹಲಗೆಯ ದಪ್ಪದ ಅರ್ಧದಷ್ಟಾದರೂ ಇರಬೇಕು. ಗೇಣುದ್ದದ ಬಿರುಕಿಗೆ ಎರಡು ತುಂಡು ಸಾಕು. ಹುಣಸೆಯ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಮರ, ಸಿಕ್ಕರೆ ಅದನ್ನೇ ಬಳಸಿ. ಮಾವಿನ ತಿಳಿ ಮೈಯಲ್ಲಿ ಅದರ ಕಪ್ಪು ಕಂದು ಬಣ್ಣ ಒಡವೆಯಂತೆ ಕೂಡುತ್ತದೆ, ಮತ್ತು ಮೇಜಿನ ಮುಂದೆ ನಿಂತವರು ಮೊದಲು ಬೆರಳಾಡಿಸುವುದು ಅಲ್ಲಿಯೇ. ನಾನೂ ಒಮ್ಮೆ ಹಲಗೆಯ ಗಂಟಿನ ತೂತನ್ನು ಮುಚ್ಚಿ, ಹೇಳದೆ ಮಾರಿದವನೇ. ಮರುವರ್ಷದ ಏಪ್ರಿಲ್‌ನಲ್ಲಿ ಗಿರಾಕಿ ಒಂದು ಮಾತೂ ಬರೆಯದೆ ಆ ತೂತಿನ ಫೋಟೋ ಮಾತ್ರ ಕಳುಹಿಸಿದಾಗ ಉತ್ತರ ಬರೆಯಲು ನನಗೆ ಎರಡು ದಿನ ಬೇಕಾಯಿತು.

ಇನ್ನು ಬೆಲೆ. ಶೋರೂಮಿನ ಟೇಬಲ್ಲು ಸಾಮಾನ್ಯವಾಗಿ ಮರದ ಚೂರನ್ನು ಅಂಟಿನೊಂದಿಗೆ ಒತ್ತಿ, ಮೇಲೆ ಮರದ ಚಿತ್ರವಿರುವ ಹಾಳೆ ಅಂಟಿಸಿದ ವಸ್ತು. ಅದಕ್ಕೂ ನಿಮ್ಮ ಮೇಜಿಗೂ ಹೆಸರೊಂದೇ ಸಮಾನ. ಕಲಘಟಗಿಯ ಬಣ್ಣದ ತೊಟ್ಟಿಲು ಕೊಳ್ಳಲು ಹೋದವರು ಪ್ಲಾಸ್ಟಿಕ್ ತೊಟ್ಟಿಲಿನ ದರ ಹೇಳಿ ಚೌಕಾಸಿ ಮಾಡುವುದಿಲ್ಲ. ಹಾಗೆ ಚೌಕಾಸಿ ಮಾಡುವವರು ನಿಮ್ಮ ಗಿರಾಕಿಯೇ ಅಲ್ಲ ಎಂದು ತಿಳಿಯಿರಿ, ಅವರ ಮೇಲೆ ಸಿಟ್ಟನ್ನೂ ಮಾಡಿಕೊಳ್ಳಬೇಡಿ.

ನೀವೇ ಕೊಟ್ಟ ಲೆಕ್ಕವನ್ನು ಕೂಡಿಸಿದರೆ ಕೈಯಿಂದ ಹೋದದ್ದು ₹9,500. ₹12,000ಕ್ಕೆ ಕೊಟ್ಟರೆ ಹನ್ನೊಂದು ದಿನದ ದುಡಿಮೆಗೆ ₹2,500 ಉಳಿಯುತ್ತದೆ, ಅಂದರೆ ದಿನಕ್ಕೆ ₹230 ಕೂಡ ಬೀಳುವುದಿಲ್ಲ. ನಿಮ್ಮ ಮನೆಗೆ ಬಡಿಗೇರರನ್ನು ಕರೆಸಿದ್ದರೆ ಈ ಕೂಲಿಗೆ ಅವರು ಕೈಚೀಲವನ್ನೂ ಕೆಳಗಿಡುತ್ತಿರಲಿಲ್ಲ. ದಿನಕ್ಕೆ ₹1,000 ಎಂದು ಹಿಡಿದರೆ ಕೂಲಿ ₹11,000. ಇನ್ನು ನೀವು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಬಾಬ್ತು ಹಲಗೆಯ ಬೆಲೆ. ಹೊಲದ ಮರವೆಂದ ಮಾತ್ರಕ್ಕೆ ಅದು ಪುಕ್ಕಟೆಯಲ್ಲ. ನಾಲ್ಕು ವರ್ಷ ಅಟ್ಟದಲ್ಲಿ ಒಣಗಿದ, ಎರಡೂವರೆ ಅಡಿ ಅಗಲದ ಒಂಟಿ ಹಲಗೆಯನ್ನು ಇವತ್ತು ಹುಡುಕಿಕೊಂಡು ಹೋದರೆ ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಹಲಗೆ ಎರಡು ಘನ ಅಡಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಅಂಥದ್ದೇ ಹಲಗೆಗೆ ಎಷ್ಟಾದೀತೆಂದು ಸಾಮಿಲ್‌ನಲ್ಲಿ ಕೇಳಿ ಆ ಮೊತ್ತವನ್ನು ಸೇರಿಸಿ. ಸದ್ಯ ₹5,000 ಎಂದುಕೊಂಡರೆ ಒಟ್ಟು ₹25,500 ಆಗುತ್ತದೆ. ಹತ್ಯಾರಗಳ ಸವಕಳಿಗೆ ಮತ್ತು ಲಾಭಕ್ಕೆ ನೂರಕ್ಕೆ ಹದಿನೈದು ಸೇರಿಸಿದರೆ ಸುಮಾರು ₹29,000. ನೀವು ₹32,000 ಹೇಳಿ, ಮಾತುಕತೆಯಲ್ಲಿ ₹29,000ದ ಆಸುಪಾಸಿಗೆ ಬನ್ನಿ. ₹25,500ಕ್ಕಿಂತ ಕೆಳಗಿಳಿದರೆ ನಿಮ್ಮ ಕೂಲಿಯನ್ನೇ ಕಡಿದು ಕೊಟ್ಟಂತೆ. ಇಂಥ ಮೇಜು ಒಂದೇ ವಾರದಲ್ಲಿ ಹೋಗಿಬಿಡುತ್ತದೆಂದು ಮಾತ್ರ ನಂಬಬೇಡಿ, ಏಕೆಂದರೆ ಒಂದೇ ಇರುವ ವಸ್ತುವಿಗೆ ಅದರ ಒಬ್ಬ ಗಿರಾಕಿ ಸಿಗುವವರೆಗೆ ಕಾಯಬೇಕಾಗುತ್ತದೆ.

ಕಾಯುವ ಆ ಅವಧಿಯಲ್ಲಿ ಮೇಜನ್ನು ತಿರುವಿ ಹಾಕಿ ಕೆಳಭಾಗ ನೋಡಿ. ಕಬ್ಬಿಣದ ಕಾಲುಗಳನ್ನು ಸ್ಕ್ರೂಗಳಿಂದ ಬಿಗಿಯಾಗಿ ಕೂಡಿಸಿದ್ದರೆ ಅದನ್ನು ಸರಿಪಡಿಸದೆ ಮಾರಬೇಡಿ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಜುಲೈ ತಿಂಗಳ ತೇವಕ್ಕೆ ಮರ ಹಿಗ್ಗುತ್ತದೆ, ಮಾರ್ಚ್–ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಉದ್ದದಲ್ಲಿ ಏನೂ ಆಗದಿದ್ದರೂ ಎರಡೂವರೆ ಅಡಿಯ ಅಗಲದಲ್ಲಿ ಐದು ಮಿಲಿಮೀಟರಿನಷ್ಟು ವ್ಯತ್ಯಾಸ ಬರುವುದು ಅಸಾಧ್ಯವೇನಲ್ಲ. ಕಬ್ಬಿಣ ಅಷ್ಟು ಜಾಗ ಬಿಡದಿದ್ದರೆ ಹಲಗೆ ಸೀಳಿ ಜಾಗ ಮಾಡಿಕೊಳ್ಳುತ್ತದೆ, ನಿಮ್ಮ ಈಗಿನ ಬಿರುಕಿಗೂ ಇದೇ ಕಾರಣವಿರಬಹುದು. ಕಾಲುಗಳನ್ನು ಹಲಗೆಗೆ ಕೂಡಿಸುವ ಕಬ್ಬಿಣದ ಪಟ್ಟಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆಸಿ, ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ; ಸಾಗಿಸುವಾಗ ಕಾಲು ಬಿಚ್ಚಲೂ ಅನುಕೂಲ.

ಎರಡನೆಯದು ಹುಳು. ಅಂಚನ್ನು ಉಳಿಸಿದ್ದೀರೆಂದರೆ ಚೇಗಿನ ಸುತ್ತಲಿನ ಎಳೆಯ ಬಿಳಿ ಮರವನ್ನೂ ಉಳಿಸಿದ್ದೀರಿ ಎಂದರ್ಥ. ಅದರಲ್ಲಿ ಪಿಷ್ಟವಿರುವುದರಿಂದ ಹುಳುಗಳಿಗೆ ಅದೇ ಹಬ್ಬದೂಟ. ಮಾವಿನ ಮರವಂತೂ ಅವುಗಳಿಗೆ ಬಲು ಪ್ರೀತಿ. ಮೇಜಿನ ಕೆಳಗೆ ಕರಿಯ ಕಾಗದ ಹಾಸಿ ನಾಲ್ಕು ದಿನ ಬಿಡಿ. ಗೋಧಿ ಹಿಟ್ಟಿನಂಥ ನುಣುಪಾದ ಪುಡಿ ಬಿದ್ದಿದ್ದರೆ ಒಳಗೆ ಹುಳು ಇನ್ನೂ ತಿನ್ನುತ್ತಿದೆ. ಆಗ ಅಂಚಿನ ಎಣ್ಣೆಯನ್ನು ಉಜ್ಜಿ ತೆಗೆದು, ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ಬಿಸಿ ನೀರನ್ನು ಎರಡು ಮೂರು ಸಲ ಹಚ್ಚಿ, ಪೂರ್ತಿ ಒಣಗಿಸಿ, ಮತ್ತೆ ಎಣ್ಣೆ ಕೊಡಬೇಕು. ಹಾಗೆಯೇ ಎಲ್ಲಾದರೂ ತೊಗಟೆ ಉಳಿದಿದ್ದರೆ ಉಳಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದುಬಿಡಿ. ಇವತ್ತು ಚಂದ ಕಂಡರೂ ನಾಳೆ ಅದು ತಾನಾಗಿ ಉದುರುತ್ತದೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಿನಲ್ಲಿ ಒಣಹಾಕಿ.

ಎಲ್ಲಿ ಮಾರಬೇಕು ಎಂಬುದಕ್ಕೆ ನನ್ನ ಸಲಹೆ, ಫರ್ನಿಚರ್ ಅಂಗಡಿಯಲ್ಲಿ ಬೇಡ. ಅಲ್ಲಿ ನಿಮ್ಮ ಮೇಜು ಹಾಳೆ ಅಂಟಿಸಿದ ಟೇಬಲ್ಲುಗಳ ಸಾಲಿನಲ್ಲಿ ನಿಲ್ಲುತ್ತದೆ, ಮೇಲಾಗಿ ಅಂಗಡಿಯವರ ಪಾಲು ನಿಮ್ಮ ಕೂಲಿಯಿಂದಲೇ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಳ ಒಳಾಂಗಣ ರೂಪಿಸುವ ವಾಸ್ತುಶಿಲ್ಪಿಗಳನ್ನೂ, ದಾಂಡೇಲಿ ಕಡೆಗೆ ಹೋಮ್‌ಸ್ಟೇ ನಡೆಸುವವರನ್ನೂ ಮೊದಲು ಸಂಪರ್ಕಿಸಿ. ಫೋಟೋಗಳನ್ನು ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ ತೆಗೆಯಿರಿ: ಇಡೀ ಮೇಜು, ಅಂಚು, ಕೆಳಭಾಗ, ಮತ್ತು ಬಿರುಕಿನದೇ ಒಂದು. ಮಾವಿನಲ್ಲಿ ಬೂಷ್ಟಿನಿಂದಾದ ಕಪ್ಪು ಗೆರೆಗಳಿದ್ದರೆ ಅವನ್ನೂ ತೋರಿಸಿ, ಬಲ್ಲವರು ಅದಕ್ಕೆ ಹೆಚ್ಚು ಕೊಡುತ್ತಾರೆ. ಮರ ಯಾವ ಹೊಲದ್ದು, ಯಾವಾಗ ಬಿತ್ತು, ಎಷ್ಟು ವರ್ಷ ಒಣಗಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.

ಆನ್‌ಲೈನಿನಲ್ಲಿ ಹಾಕಿದರೆ ಒಂದು ಎಚ್ಚರಿಕೆ. ಮೇಜನ್ನು ನೋಡದೆಯೇ ಬೆಲೆಗೆ ಒಪ್ಪಿ, ತಾನು ಸೈನ್ಯದಲ್ಲಿದ್ದೇನೆಂದು ಹೇಳಿ, ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿರಿ ಎನ್ನುವವರು ಕಳ್ಳರು. ಯುಪಿಐ ಪಿನ್ ಒತ್ತಬೇಕಾದದ್ದು ಹಣ ಕೊಡುವಾಗ, ಪಡೆಯುವಾಗ ಅಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸಂಚಕಾರ ಪಡೆಯುವ ಮುನ್ನ ಗಿರಾಕಿಯ ಬಾಗಿಲಿನ ಅಗಲ ಮತ್ತು ಮೆಟ್ಟಿಲಿನ ತಿರುವನ್ನು ಅಳೆಸಿಕೊಳ್ಳಿ. ಹಲಗೆಯೊಂದೇ 35ರಿಂದ 40 ಕಿಲೋ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಟೆಂಪೋದಲ್ಲಿ ಕಳುಹಿಸುವಾಗ ಹಳೆಯ ಕೌದಿ ಸುತ್ತಿ ಅಂಚಿನ ಮೇಲೆ ಭಾರ ಬೀಳದಂತೆ ಮಲಗಿಸಿ.

ಕಾಗದಪತ್ರದ ವಿಷಯದಲ್ಲಿ ಸಾಮಿಲ್ ಚೀಟಿಯನ್ನು ಜೋಪಾನ ಮಾಡಿ. ಮುಂದೆ ನಿಂತ ಮರ ಕಡಿಸುವುದಾದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಕೊಡಲಿ ಎತ್ತಿ. ತೇಗ, ಬೀಟೆಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ರಾಜ್ಯದೊಳಗೆ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು ₹40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಅಗತ್ಯವಿಲ್ಲ. ಬೆಳಗಾವಿ ದಾಟಿ ಕೊಲ್ಹಾಪುರ, ಪುಣೆಗೆ ಮಾರುವುದಾದರೆ ನಿಯಮ ಬೇರೆಯಾದ್ದರಿಂದ ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಇದೇ ಬಗೆಯ ಸಾಗವಾನಿ ಮೇಜನ್ನು ಮಾಡಿ ಮಾರಿದ ನಾಲ್ಕು ತಿಂಗಳಿಗೆ ಹಲಗೆಯ ಎರಡೂ ಅಂಚು ದೋಣಿಯಂತೆ ಮೇಲೆದ್ದಿವೆ. ಗಿರಾಕಿ ಹಣ ವಾಪಸು ಕೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಬೆಟಗೇರಿ, ಗದಗ

ಉತ್ತರ: ಮೇಲ್ಭಾಗಕ್ಕೆ ಮಾತ್ರ ಪಾಲಿಶ್ ಕೊಟ್ಟು ಕೆಳಭಾಗವನ್ನು ಹಾಗೆಯೇ ಬಿಟ್ಟಿದ್ದೀರೆಂದು ನನ್ನ ಊಹೆ. ಆಗ ಕೆಳಮೈ ಗಾಳಿಯ ತೇವವನ್ನು ಕುಡಿದು ಹಿಗ್ಗುತ್ತದೆ, ಮೇಲ್ಮೈ ಹಿಗ್ಗುವುದಿಲ್ಲ, ಹಲಗೆ ಬಾಗುತ್ತದೆ. ಮೇಜನ್ನು ನಿಮ್ಮ ಖರ್ಚಿನಲ್ಲೇ ತರಿಸಿಕೊಂಡು, ಕಾಲು ಬಿಚ್ಚಿ, ಎರಡೂ ಬದಿಗೆ ಗಾಳಿಯಾಡುವಂತೆ ಕೆಲವು ವಾರ ನಿಲ್ಲಿಸಿಡಿ. ತಕ್ಷಣ ರಂದಾ ಹಿಡಿಯಬೇಡಿ, ತಾನಾಗಿ ಎಷ್ಟು ಇಳಿಯುತ್ತದೆಂದು ನೋಡಿ. ಆಮೇಲೆ ತೇವಮಾಪಕದಿಂದ ಅಳೆಯಿರಿ. ಶೇಕಡಾ 12ರ ಆಚೀಚೆ ಇದ್ದರೆ ಎರಡೂ ಮೈಗೆ ಸಮನಾಗಿ ಪಾಲಿಶ್ ಕೊಟ್ಟು, ಕೆಳಗೆ ಉದ್ದ ತೂತಿನ ಕಬ್ಬಿಣದ ಪಟ್ಟಿ ಕೂಡಿಸಿ ಕೊಡಬಹುದು. ಅಳತೆ 18, 20 ತೋರಿಸಿದರೆ ನಿಮಗೆ 'ಒಣಗಿದ್ದು' ಎಂದು ಕೊಟ್ಟ ಹಲಗೆ ಒಣಗಿರಲೇ ಇಲ್ಲ. ನೆರಳಿನಲ್ಲಿ ಇಂಚಿಗೊಂದು ವರ್ಷ ಎಂಬ ಹಳೆಯ ಲೆಕ್ಕವನ್ನು ಅದು ಪೂರೈಸಿಲ್ಲ. ಅಂಥ ಸಂದರ್ಭದಲ್ಲಿ ಗಿರಾಕಿಯ ಹಣವನ್ನು ಹಿಂದಿರುಗಿಸಿ, ಹಲಗೆಯನ್ನು ಅಟ್ಟಕ್ಕೇರಿಸಿ, ಅದರ ಮೇಲೆ ಸೀಮೆಸುಣ್ಣದಿಂದ ಇಂದಿನ ತಾರೀಖು ಬರೆದಿಡಿ.